ಚರ್ಮದ ಕೋಸ್ಟರ್ ಬಾಗಿದರೆ: ಲಕ್ಷಣ ನೋಡಿ ಕಾರಣ ಹಿಡಿಯುವ ಕ್ರಮ

ಲೋಟದ ಕೆಳಗಿಡುವ ಚರ್ಮದ ಬಿಲ್ಲೆಗೆ ಇರುವ ಕೆಲಸ ಒಂದೇ, ಮೇಜಿನ ಮೇಲೆ ಸಪಾಟಾಗಿ ಮಲಗಿರುವುದು. ಅಷ್ಟನ್ನು ಮಾಡದಿದ್ದರೆ ಅದರ ಮೇಲೆ ಎಷ್ಟು ಚೆಂದದ ಯಕ್ಷಗಾನದ ಕಿರೀಟ ಒತ್ತಿದ್ದರೂ ಲೋಟ ಅಲ್ಲಾಡುತ್ತದೆ, ಕಷಾಯ ತುಳುಕುತ್ತದೆ, ಕೊಂಡವರು ಎರಡನೆಯ ಸಲ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಕಾರವಾರದಲ್ಲಿ ಕೂತು ಮಾಡುವವರದಾಗಲಿ, ಘಟ್ಟದ ಮೇಲೆ ಶಿರಸಿಯಲ್ಲಿ ಮಾಡುವವರದಾಗಲಿ, ದೂರು ಒಂದೇ: ಮೇ ತಿಂಗಳಲ್ಲಿ ಸರಿಯಾಗಿದ್ದ ಬಿಲ್ಲೆ ಜೂನ್ ಮುಗಿಯುವುದರೊಳಗೆ ಬಾಗಿತು.

ಹೆಚ್ಚಿನವರು ಮಳೆಯನ್ನು ಬೈದು ಸುಮ್ಮನಾಗುತ್ತಾರೆ. ಮಳೆಯದು ಅರ್ಧ ತಪ್ಪು ಮಾತ್ರ. ಚರ್ಮ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎರಡು ಮುಖಗಳೂ ಸಮವಾಗಿ ಹಿಗ್ಗಿ ಸಮವಾಗಿ ಕುಗ್ಗಿದರೆ ಬಿಲ್ಲೆಯ ಅಳತೆ ಕೂದಲೆಳೆಯಷ್ಟು ಬದಲಾಗುತ್ತದೆಯೇ ಹೊರತು ಅದು ಬಾಗುವುದಿಲ್ಲ. ಒಂದು ಮುಖ ಹಿಗ್ಗಿ ಇನ್ನೊಂದು ಹಿಗ್ಗದಿದ್ದಾಗ ಬಾಗುತ್ತದೆ. ಈ ಪಕ್ಷಪಾತ ಮಾಡಿದವರು ಬಹುಪಾಲು ನಾವೇ. ಮೇಲೆ ಮಾತ್ರ ಮೇಣ, ಕೆಳಗೆ ಮಾತ್ರ ಅಂಟು, ಒಂದೇ ಕಡೆ ಬಿಸಿಲು. ಕೆಳಗೆ ಬರುವ ಲಕ್ಷಣಗಳಲ್ಲಿ ಮುಕ್ಕಾಲುಪಾಲಿನ ಮೂಲ ಇದೇ.

ಎರಡು ಹೆಸರು ಮೊದಲೇ ಗೊತ್ತುಮಾಡಿಕೊಳ್ಳೋಣ. ಕೂದಲಿದ್ದ ನುಣುಪು ಮುಖ ಮೇಲ್ಮೈ, ಮಾಂಸಕ್ಕೆ ಅಂಟಿಕೊಂಡಿದ್ದ ಒರಟು ಮುಖ ಒಳಮೈ. ಮೇಲ್ಮೈಯ ಎಳೆಗಳು ಒತ್ತೊತ್ತಾಗಿರುತ್ತವೆ, ಒಳಮೈಯವು ಸಡಿಲ. ಹಾಗಾಗಿ ಏನನ್ನೂ ಹಚ್ಚದ ಚರ್ಮದಲ್ಲೂ ಎರಡು ಮುಖಗಳ ಸ್ವಭಾವ ಬೇರೆ ಬೇರೆಯೇ.

ಕೈ ಹಚ್ಚುವ ಮೊದಲು: ಖರ್ಚಿಲ್ಲದ ಪರೀಕ್ಷೆಗಳು

ಬಾಗಿದ ಬಿಲ್ಲೆ ಕಂಡ ಕೂಡಲೇ ನೀರು ಸವರಿ ಕಲ್ಲು ಹೇರಬೇಡಿ. ಬಾಗು ತಾತ್ಕಾಲಿಕವಾಗಿ ಹೋಗುತ್ತದೆ, ಜೊತೆಗೆ ಕಾರಣದ ಗುರುತೂ ಹೋಗುತ್ತದೆ. ವಾರದೊಳಗೆ ಅದೇ ಬಾಗು ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಬಿಲ್ಲೆಯನ್ನು ಗಾಜಿನ ಮೇಲೆ ಇಡಿ. ಕಿಟಕಿಯ ಗಾಜಿನ ತುಂಡು, ಕನ್ನಡಿ, ಟೀಪಾಯಿಯ ಗಾಜು ಯಾವುದಾದರೂ ಸರಿ. ಮರದ ಮೇಜನ್ನು ನಂಬಬೇಡಿ, ಆಷಾಢದಲ್ಲಿ ಅದೂ ಬಾಗಿರುತ್ತದೆ. ಕಣ್ಣನ್ನು ಗಾಜಿನ ಮಟ್ಟಕ್ಕೆ ಇಳಿಸಿ ಬೆಳಕು ಎಲ್ಲಿ ನುಸುಳುತ್ತಿದೆ ನೋಡಿ. ಸುತ್ತಲೂ ಅಂಚಿನಡಿ ಬೆಳಕು ಕಂಡರೆ ಅಂಚು ಎದ್ದಿದೆ. ಅಂಚು ಸುತ್ತಲೂ ಗಾಜಿಗೆ ತಾಗಿದ್ದು, ಮಗುಚಿ ಇಟ್ಟಾಗ ಬಿಲ್ಲೆ ಆಡಿದರೆ ನಡು ಉಬ್ಬಿದೆ. ಎದುರುಬದುರಾದ ಎರಡು ಕಡೆ ಮಾತ್ರ ಬೆಳಕಿದ್ದರೆ ತಿರುಚಿಕೊಂಡಿದೆ. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಉಬ್ಬಿದ ಮುಖ ಹೆಚ್ಚು ಹಿಗ್ಗಿದ್ದು, ತಗ್ಗಾದ ಮುಖ ಹೆಚ್ಚು ಕುಗ್ಗಿದ್ದು.

ಬಾಗು ಎಷ್ಟು ಎಂದು ಅಳೆಯಲು ಪ್ರಿಂಟರಿನ ಕಾಗದ ಸಾಕು. 80 ಜಿಎಸ್‌ಎಂ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಅಂಚಿನಡಿ ತೂರಿಸಿ. 5 ಹಾಳೆಯೊಳಗಿದ್ದರೆ ಬಿಟ್ಟುಬಿಡಿ, ಲೋಟಕ್ಕೆ ಅದರ ಪರಿವೆಯೂ ಇರುವುದಿಲ್ಲ. 10 ದಾಟಿದರೆ ಕಾರಣ ಹುಡುಕಬೇಕು.

ಬಳಿಕ ತೂಕ. 10 ಸೆಂ.ಮೀ. ಅಡ್ಡಳತೆಯ, 3.5 ಮಿ.ಮೀ. ದಪ್ಪದ ಬಿಲ್ಲೆ ಸುಮಾರು 25 ಗ್ರಾಂ ತೂಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಮಾಡಿ ಮುಗಿಸಿದ ದಿನ ಪ್ರತಿಯೊಂದನ್ನೂ ತೂಗಿ ಬರೆದಿಟ್ಟರೆ ಮುಂದೆ ಬಹಳ ತಲೆನೋವು ತಪ್ಪುತ್ತದೆ. ಬಾಗಿದ ದಿನ 1 ಅಥವಾ 2 ಗ್ರಾಂ ಹೆಚ್ಚಿದ್ದರೆ ಅದು ಕುಡಿದ ನೀರು. ತೂಕ ಬದಲಾಗದೆ ಬಾಗಿದ್ದರೆ ತೇವದ ಮೇಲೆ ಅನುಮಾನ ಪಡಬೇಡಿ. ಹೊಲಿಗೆ, ಅಂಟು, ಇಲ್ಲವೇ ಚರ್ಮದ ಸ್ವಂತ ಎಳೆತ ಕಾರಣವಾಗಿರುತ್ತದೆ.

ಲಕ್ಷಣ: ಅಂಚು ಮೇಲೆದ್ದು ತಟ್ಟೆಯಾಗಿದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದು. ಮೇಲ್ಮೈ ಕುಗ್ಗಿದೆ, ಅಥವಾ ಒಳಮೈ ಹಿಗ್ಗಿದೆ. ಯಾವುದೆಂದು ತಿಳಿಯಲು ಬಿಲ್ಲೆಯನ್ನು ಮಗುಚಿ, ತಂತಿಯ ಜಾಲರಿಯ ಮೇಲೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಾಗು ಇಳಿದಿದ್ದರೆ ಒಳಮೈ ತೇವ ಹೀರಿತ್ತು, ಬೇರೇನಿಲ್ಲ. ಕಡಪಾ ಕಲ್ಲಿನ ಕಟ್ಟೆಯ ಮೇಲೆ, ಗಾರೆ ನೆಲಕ್ಕೆ ತಾಗಿಕೊಂಡ ಕಪಾಟಿನಲ್ಲಿ, ಒದ್ದೆ ಬಟ್ಟೆಯಿಂದ ಒರೆಸಿದ ಮೇಜಿನ ಮೇಲೆ ಇಟ್ಟ ಬಿಲ್ಲೆಗಳು ಹೀಗಾಗುತ್ತವೆ. ಜಾಗ ಬದಲಿಸಿದರೆ ಮುಗಿಯಿತು.

ಇಳಿಯದಿದ್ದರೆ ನೀರಿನ ಹನಿ ಪರೀಕ್ಷೆ. ಎರಡೂ ಮುಖಗಳ ಮೇಲೆ ಒಂದೊಂದು ಹನಿ ನೀರು ಬಿಟ್ಟು ಮೂವತ್ತರವರೆಗೆ ಎಣಿಸಿ. ಮೇಲ್ಮೈಯ ಹನಿ ಮಣಿಯಾಗಿ ಹಾಗೆಯೇ ನಿಂತಿದ್ದು, ಒಳಮೈಯ ಹನಿ ಕಪ್ಪಗೆ ಹರಡಿ ಮಾಯವಾಗಿದ್ದರೆ ಕಾರಣ ಸಿಕ್ಕಿತು. ಮೇಲೆ ಬಾಗಿಲು ಹಾಕಿ ಕೆಳಗೆ ತೆರೆದಿಟ್ಟಿದ್ದೀರಿ. ಕಾರವಾರದಲ್ಲಿ ವರ್ಷಕ್ಕೆ ಮೂರು ಮೀಟರಿನ ಆಸುಪಾಸು ಮಳೆ, ಜುಲೈಯಲ್ಲಿ ಗೋಡೆಯೇ ಬೆವರುತ್ತದೆ. ಅಂಥ ಗಾಳಿಗೆ ತೆರೆದ ಒಳಮೈ ದಿನವಿಡೀ ಕುಡಿಯುತ್ತಿರುತ್ತದೆ.

ಪರಿಹಾರ ಒಳಮೈಗೂ ಅದೇ ಲೇಪ. ಇಲ್ಲಿ ಒಂದು ಸೂಕ್ಷ್ಮವಿದೆ. ಮೇಲೆ ಎರಡು ಸಲ ಹಚ್ಚಿದ್ದೀರೆಂದು ಕೆಳಗೂ ಎರಡೇ ಸಲ ಹಚ್ಚಿದರೆ ಲೆಕ್ಕ ಸಮ, ಫಲ ಸಮವಲ್ಲ. ಸಡಿಲ ಎಳೆಗಳ ಒಳಮೈ ಮೊದಲ ಲೇಪವನ್ನು ನುಂಗಿಬಿಡುತ್ತದೆ. ಎರಡು ಕಡೆಯ ಹನಿಯೂ ಒಂದೇ ರೀತಿ ನಿಲ್ಲುವವರೆಗೆ ಹಚ್ಚಬೇಕು. ಮೊದಲು ಒಳಮೈಯನ್ನು ನಯವಾದ ಸ್ಯಾಂಡ್‌ಪೇಪರಿನಿಂದ ತಿಕ್ಕಿ, ತೆಳುವಾದ ಗೋಂದಿನ ನೀರನ್ನು ಎರಡೂ ಕಡೆ ಸವರಿ, ಗಾಜಿನ ಬಾಟಲಿಯ ಬೆನ್ನಿನಿಂದ ಉಜ್ಜಿ ಎಳೆಗಳನ್ನು ಮಲಗಿಸಿದರೆ ಮೇಣವೂ ಕಡಿಮೆ ಸಾಕು.

ಮೇಣವೆಂದರೆ ನಮ್ಮ ಕಡೆ ಜೇನುಮೇಣಕ್ಕೆ ಬರವಿಲ್ಲ. ಅದು ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೇರ ಬೆಂಕಿಯ ಮೇಲೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಟರ್ಪೆಂಟೈನ್ ಬೆರೆಸುವವರು ಒಲೆ ಆರಿಸಿ, ಪಾತ್ರೆಯನ್ನು ಹೊರಗೆ ತಂದು ಬೆರೆಸಬೇಕು. ತೆಂಗಿನೆಣ್ಣೆ ಬೇಡ ಎನ್ನುವವನು ನಾನಲ್ಲ, ಆದರೆ ಅದು ಚರ್ಮದೊಳಗೆ ಒಣಗುವುದಿಲ್ಲ, ಹೆಚ್ಚಾದರೆ ಬಿಲ್ಲೆ ಮೆತ್ತಗಾಗಿ ಸೋಲುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಗಟ್ಟಿಯಾಗಿಯೇ ಇರುತ್ತದೆ. ಜೇನುಮೇಣದ ಜೊತೆ ಸ್ವಲ್ಪ ಬೆರೆಸಲು ಅದೇ ನನಗೆ ಇಷ್ಟ. ಅಗಸೆ ಎಣ್ಣೆ ಬಳಸಿದ್ದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಹನಿ ಪರೀಕ್ಷೆಯಲ್ಲಿ ಎರಡು ಮುಖವೂ ಸಮ ಎಂದು ಬಂದರೆ, ಒಣಗಿಸಿದ ರೀತಿಯನ್ನು ನೆನಪಿಸಿಕೊಳ್ಳಿ. ಬಣ್ಣ ಹಾಕಿದ ಮೇಲೆ ಅಂಗಳದ ಬಿಸಿಲಿಗೆ ಇಟ್ಟಿರಾ? ಹೇರ್ ಡ್ರೈಯರ್ ಹಿಡಿದಿರಾ? ಒಲೆಯ ಮೇಲಿನ ಅಟ್ಟದಲ್ಲಿಟ್ಟಿರಾ? ಬಿಸಿ ತಾಗಿದ ಮುಖ ಮೊದಲು ಒಣಗಿ, ಹಪ್ಪಳದ ಹಾಗೆ ಅಂಚನ್ನು ಎತ್ತುತ್ತದೆ. ಆಮೇಲೆ ಇನ್ನೊಂದು ಮುಖ ಒಣಗಿದರೂ ಎಳೆಗಳು ಆ ಆಕಾರದಲ್ಲೇ ಕೂತುಬಿಟ್ಟಿರುತ್ತವೆ. ನೆರಳು, ಫ್ಯಾನಿನ ಗಾಳಿ, ಎರಡೂ ಕಡೆ ಗಾಳಿಯಾಡುವ ಜಾಲರಿ, ಇಷ್ಟೇ ಬೇಕಾದದ್ದು. ಬಿದಿರಿನ ಗೆರಸಿಯಲ್ಲಿ ಹರವುವುದೂ ಸುಲಭವೆನಿಸುತ್ತದೆ. ಆದರೆ ಒದ್ದೆ ಚರ್ಮದ ಮೇಲೆ ಗೆರಸಿಯ ಹೆಣಿಗೆ ಅಚ್ಚೊತ್ತಿದಂತೆ ಮೂಡುತ್ತದೆ, ಒಂದೊಂದು ಸಿಗುರಿನ ಗೆರೆಯನ್ನೂ ಉಗುರಿನಲ್ಲಿ ಎಣಿಸಬಹುದು. ಮಧ್ಯೆ ಬಟ್ಟೆ ಹಾಸಿ.

ಸಪಾಟು ಮಾಡುವ ಕ್ರಮ

ಕಾರಣವನ್ನು ಸರಿಪಡಿಸಿದ ಮೇಲೆಯೇ ಇದು. ಲೇಪ ಹಚ್ಚದ ಬಿಲ್ಲೆಗಾದರೆ ಹೀಗೆ: ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಸ್ಪಂಜಿನಿಂದ ಎರಡು ಮುಖವನ್ನೂ ಅಂಚನ್ನೂ ಸಮನಾಗಿ ಒರೆಸಿ. ನೀರು ಸುರಿಯುವಷ್ಟು ಬೇಡ. ಚರ್ಮ ಮೊದಲು ಕಪ್ಪಾಗಿ, ಸ್ವಲ್ಪ ಹೊತ್ತಿಗೆ ತನ್ನ ಬಣ್ಣಕ್ಕೆ ಮರಳತೊಡಗುತ್ತದೆ, ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ. ಅದೇ ಹದ. ಆಗ ಎರಡು ನಯವಾದ ಹಲಗೆಗಳ ನಡುವೆ, ಮೇಲೆ ಕೆಳಗೆ ಬಿಳಿ ಹತ್ತಿಬಟ್ಟೆ ಇಟ್ಟು ಒತ್ತಿ. ಹಳೆಯ ಪಂಚೆಯ ತುಂಡು ಚೆನ್ನಾಗಿ ಹೀರುತ್ತದೆ. ಪತ್ರಿಕೆಯ ಹಾಳೆ ಇಟ್ಟರೆ ನಿನ್ನೆಯ ಸುದ್ದಿ ಬಿಲ್ಲೆಯ ಮೇಲೆ ಅಚ್ಚಾಗುತ್ತದೆ.

ಭಾರ 5ರಿಂದ 8 ಕಿಲೋ ಸಾಕು. ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು, ಅಕ್ಕಿಯ ಚೀಲ, ರುಬ್ಬುವ ಕಲ್ಲು, ಯಾವುದಾದರೂ ಆಗುತ್ತದೆ. ಕಬ್ಬಿಣವನ್ನೂ ಚಿರೆಕಲ್ಲನ್ನೂ ಹತ್ತಿರ ತರಬೇಡಿ. ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಟ್ಯಾನಿನ್ ಎಂಬ ತೊಗಟೆಯ ಒಗರು ಇರುತ್ತದೆ. ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ಶಾಯಿಯ ಬಣ್ಣದ ಕಪ್ಪು ಕಲೆ ಕೂರುತ್ತದೆ. ಚಿರೆಕಲ್ಲಿನ ಕೆಂಪೂ ಕಬ್ಬಿಣದ್ದೇ, ಮೇಲಾಗಿ ಅದರ ತೂತುಗಳ ಅಚ್ಚು ಬೇರೆ ಬೀಳುತ್ತದೆ.

ಬೆಳಿಗ್ಗೆ ಸಂಜೆ ಬಟ್ಟೆ ಬದಲಿಸಿ. ಇದನ್ನು ಸೋಮಾರಿತನದಿಂದ ಬಿಟ್ಟವರಿಗೆ ಮೂರನೆಯ ದಿನ ಬೂಷ್ಟಿನ ವಾಸನೆ ಸಿಗುತ್ತದೆ. ಜನವರಿಯಲ್ಲಿ ಶಿರಸಿಯಂಥ ಕಡೆ ಒಂದೆರಡು ದಿನದಲ್ಲಿ ಒಣಗುವುದು ಮಳೆಗಾಲದ ಕರಾವಳಿಯಲ್ಲಿ ನಾಲ್ಕೈದು ದಿನ ಹಿಡಿಯುತ್ತದೆ. ಒಣಗಿದೆಯೇ ಎಂದು ಕೈಯನ್ನಲ್ಲ, ತಕ್ಕಡಿಯನ್ನು ಕೇಳಿ. ಎರಡು ದಿನ ತೂಕ ಕದಲದಿದ್ದರೆ ಭಾರ ತೆಗೆಯಬಹುದು. ಅವಸರವಿದ್ದರೆ ಬಿಲ್ಲೆಗಳನ್ನು ಜಾಲರಿಯ ಸಮೇತ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬಿಸಿ ಇಲ್ಲದೆ ಬೇಗ ಒಣಗಿಸುವ ದಾರಿ ಅದು.

ಮೇಣ ಹಚ್ಚಿದ ಬಿಲ್ಲೆಗೆ ನೀರು ಒಳಗಿಳಿಯುವುದಿಲ್ಲ. ಅದನ್ನು ಕೈಯ ಬಿಸಿಯಲ್ಲಿ ಬಾಗಿನ ವಿರುದ್ಧ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಮಣಿಸಿ, ಒಣಗಿಯೇ ಭಾರದಡಿ ವಾರಗಟ್ಟಲೆ ಬಿಡಬೇಕು.

ಲಕ್ಷಣ: ನಡು ಉಬ್ಬಿ ಲೋಟ ತಿರುಗುತ್ತದೆ

ಮೇಲಿನ ಮುಖ ಹಿಗ್ಗಿದೆ, ಅಥವಾ ಕೆಳಗಿನದನ್ನು ಏನೋ ಎಳೆದು ಕುಗ್ಗಿಸಿದೆ.

ಮೊದಲು ಬಳಕೆಯನ್ನು ಕೇಳಿ. ತಣ್ಣನೆಯ ಮಜ್ಜಿಗೆಯ ಲೋಟ ಬೆವರಿ ಮೇಲ್ಮೈ ತೊಯ್ದಿದ್ದರೆ ಉಬ್ಬುವುದು ಸಹಜ. ಒರೆಸಿ, ಅಂಚಿನ ಮೇಲೆ ನಿಲ್ಲಿಸಿಟ್ಟರೆ ಮರುದಿನ ಇಳಿಯುತ್ತದೆ. ಇದಕ್ಕೆ ಔಷಧ ಬೇಡ.

ಚಿತ್ತಾರ ಒತ್ತಿದ ಬಿಲ್ಲೆ ಮೊದಲ ದಿನವೇ ಉಬ್ಬಿದ್ದರೆ, ಕಾರಣ ಸುತ್ತಿಗೆ. ಹದವಾಗಿ ಒದ್ದೆಯಾದ ಮೇಲ್ಮೈಯನ್ನು ಅಚ್ಚಿನಿಂದ ಬಡಿದಾಗ ಅದು ಪಕ್ಕಕ್ಕೆ ಹರಡಿಕೊಳ್ಳುತ್ತದೆ, ಒಳಮೈ ಹರಡುವುದಿಲ್ಲ. ಒತ್ತುವ ಮೊದಲು ಒಳಮೈಗೆ ಪಾರ್ಸೆಲ್ ಕಟ್ಟುವ ಅಗಲ ಟೇಪನ್ನು ಎರಡು ಪದರ ಅಡ್ಡಡ್ಡವಾಗಿ ಅಂಟಿಸಿದರೆ ಹರಡುವಿಕೆ ಕಡಿಮೆಯಾಗುತ್ತದೆ. ಒತ್ತಿಯಾದ ಮೇಲೆ ಚಿತ್ತಾರ ಕೆಡದಂತೆ ಮೇಲೆ ದಪ್ಪ ಕಂಬಳಿಬಟ್ಟೆ ಹಾಕಿ, ಒದ್ದೆಯಿರುವಾಗಲೇ ಹಗುರ ಭಾರದಡಿ ಒಣಗಿಸಿ. ಇನ್ನೊಂದು ಮಾತು, ಬಿಲ್ಲೆಯನ್ನು ಮೊದಲು ದುಂಡಗೆ ಕತ್ತರಿಸಿ ಆಮೇಲೆ ಚಿತ್ತಾರ ಒತ್ತುವುದು ತಿರುಗುಮುರುಗು ಕೆಲಸ. ಚೌಕದ ತುಂಡಿನ ಮೇಲೆ ಒತ್ತಿ, ಒಣಗಿಸಿ, ಕೊನೆಗೆ ಕತ್ತರಿಸಿ.

ಇನ್ನು ಅಡಿಯಲ್ಲಿ ಕಾರ್ಕ್ ಅಥವಾ ರೆಕ್ಸಿನ್ ಅಂಟಿಸಿದ ಬಿಲ್ಲೆಗಳು. ಇವುಗಳ ಲಕ್ಷಣ ವಿಶಿಷ್ಟ: ಮಳೆಗಾಲದಲ್ಲಿ ನಡು ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಚು ಏಳುತ್ತದೆ. ಋತುವಿನೊಂದಿಗೆ ದಿಕ್ಕು ಬದಲಿಸುವ ಬಾಗು ಕಂಡರೆ ಬೇರೆ ಪರೀಕ್ಷೆಯೇ ಬೇಡ. ಚರ್ಮ ತೇವಕ್ಕೆ ಹಿಗ್ಗುತ್ತದೆ, ಕಾರ್ಕ್ ಅಷ್ಟು ಹಿಗ್ಗುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಬಿಗಿದರೆ ಇಬ್ಬರ ಜಗಳ ವರ್ಷವಿಡೀ. ಮೇಲಾಗಿ ಮರಕ್ಕೆ ಹಚ್ಚುವ ಬಿಳಿ ಅಂಟನ್ನು ಬಳಸಿದ್ದರೆ, ಅದರಲ್ಲಿನ ನೀರು ಒಂದೇ ಮುಖವನ್ನು ತೋಯಿಸಿ, ಒಣಗುವಾಗ ಅಂಟಿನ ಪದರವೂ ಕುಗ್ಗುತ್ತದೆ. ಕಾರ್ಕನ್ನು ಕಿತ್ತು ಅದರ ಜಾಗದಲ್ಲಿ ಅದೇ ಚರ್ಮದ ಇನ್ನೊಂದು ತುಂಡನ್ನು ಒಳಮೈಗೆ ಒಳಮೈ ತಾಗುವಂತೆ ಅಂಟಿಸಿ. 1.5ರಿಂದ 2 ಮಿ.ಮೀ.ಯ ಎರಡು ಪದರ ಸೇರಿದ ಬಿಲ್ಲೆಗೆ ಎರಡು ಕಡೆಯೂ ಮೇಲ್ಮೈಯೇ ಇರುವುದರಿಂದ ಅದು ತನ್ನಷ್ಟಕ್ಕೆ ತೂಗಿಕೊಂಡಿರುತ್ತದೆ. ನನ್ನನ್ನು ಕೇಳಿದರೆ ಕರಾವಳಿಗೆ ಇದೊಂದೇ ಸರಿಯಾದ ಕಟ್ಟು. ಮೇಜು ಗೀರದಂತೆ ಏನಾದರೂ ಬೇಕೇ ಬೇಕೆಂದರೆ ಕಾರ್ಕಿನ ಸಣ್ಣ ನಾಲ್ಕು ಚುಕ್ಕೆ ಅಂಟಿಸಿ, ಇಡೀ ಹಾಳೆಯನ್ನಲ್ಲ.

ಲಕ್ಷಣ: ಒತ್ತಿದರೆ ಟಕ್ಕೆಂದು ಇನ್ನೊಂದು ಕಡೆಗೆ ಉಬ್ಬುತ್ತದೆ

ನಡುವನ್ನು ಹೆಬ್ಬೆರಳಿನಿಂದ ಒತ್ತಿದಾಗ ಉಬ್ಬು ಮಾಯವಾಗದೆ ಕೆಳಗೆ ಹೋಗಿ ಕೂತರೆ, ಮುಖಗಳ ತಾರತಮ್ಯ ಇದಲ್ಲ. ಅಂಚು ಬಿಗಿಯಾಗಿದೆ, ನಡುವಿಗೆ ಜಾಗ ಸಾಲುತ್ತಿಲ್ಲ. ನೀರು, ಭಾರ, ಮೇಣ ಯಾವುದೂ ಇದಕ್ಕೆ ನಾಟುವುದಿಲ್ಲ.

ಅಂಚಿನ ಸುತ್ತ ಹೊಲಿಗೆ ಇದ್ದರೆ ಅದೇ ಮೊದಲ ಆರೋಪಿ. ಪ್ರತಿ ಹೊಲಿಗೆಯಲ್ಲೂ ದಾರ ಚರ್ಮದೊಳಗೆ ಹೂತು, ತೂತಿನ ಬಾಯಿ ಎಳೆದುಕೊಂಡು ಉದ್ದವಾಗಿದ್ದರೆ ಎಳೆತ ಹೆಚ್ಚಾಗಿದೆ. ಒಂದೇ ಕಡೆ ಮೂರು ನಾಲ್ಕು ಹೊಲಿಗೆ ಕತ್ತರಿಸಿ ಗಾಜಿನ ಮೇಲೆ ಇಡಿ. ಬಿಲ್ಲೆ ಉಸಿರು ಬಿಟ್ಟು ಕೂತರೆ ಇಡೀ ಹೊಲಿಗೆ ಬಿಚ್ಚಿ, ದಾರ ಚರ್ಮದ ಮೇಲೆ ಕೂರುವಷ್ಟೇ ಎಳೆದು ಮತ್ತೆ ಹೊಲಿಯಿರಿ. ಹೊಲಿಗೆ ಇಲ್ಲದಿದ್ದರೆ ಅಂಚು ತಿಕ್ಕಿ ಹೊಳಪು ಕೊಟ್ಟಾಗ ನೀರು ಹಾಕಿ ಬಿಸಿಯಾಗುವಷ್ಟು ಉಜ್ಜಿದ್ದೀರೋ ನೋಡಿ. ಆ ಅಂಚು ಒಣಗುತ್ತ ಕುಗ್ಗಿರುತ್ತದೆ. ಅಂಚನ್ನು ಮಾತ್ರ ಒದ್ದೆ ಮಾಡಿ ಭಾರದಡಿ ಇಟ್ಟರೆ ಸಾಮಾನ್ಯವಾಗಿ ಸಡಿಲುತ್ತದೆ.

ಇದರ ತದ್ವಿರುದ್ಧ, ಅಂಚು ಅಲೆಯಲೆಯಾಗಿ ನಡು ಸಪಾಟಿದ್ದರೆ, ಅಂಚು ಹೆಚ್ಚಾಗಿದೆ. ಅಂಚಿಗೆ ಮಾತ್ರ ನೀರು ಕುಡಿಸಿದ್ದು ಅಥವಾ ನಡುವಿಗೆ ಬಿಸಿ ಪಾತ್ರೆ ಇಟ್ಟದ್ದು ಕಾರಣ. ಎರಡನೆಯದಾದರೆ ಬಿಸಿಯ ಭಾಗವನ್ನು ಮುಂದೆ ಓದಿ.

ಲಕ್ಷಣ: ಎದುರುಬದುರು ಕಡೆ ಎದ್ದು ತಿರುಚಿದೆ

ಚರ್ಮಕ್ಕೆ ದಿಕ್ಕಿದೆ. ಬೆನ್ನುಮೂಳೆಯ ಉದ್ದಕ್ಕೆ ಒಂದು ಎಳೆತ, ಅಡ್ಡಕ್ಕೆ ಇನ್ನೊಂದು. ಬೆನ್ನಿನ, ಪೃಷ್ಠದ ಭಾಗ ಬಿಗಿ ಮತ್ತು ಸಮ. ಹೊಟ್ಟೆಯ ಭಾಗ ಸಡಿಲ, ಎಳೆದತ್ತ ಬರುತ್ತದೆ. ಅಗ್ಗಕ್ಕೆ ಸಿಗುವ ಚೂರುಪಾರು ಮೂಟೆಯಲ್ಲಿ ಹೊಟ್ಟೆಯೇ ಹೆಚ್ಚು. ಬಿಲ್ಲೆಯನ್ನು ಎರಡು ಕೈಯಲ್ಲಿ ಹಿಡಿದು ಒಂದು ದಿಕ್ಕಿಗೆ ಮಣಿಸಿ, ಕಾಲುಸುತ್ತು ತಿರುಗಿಸಿ ಮತ್ತೆ ಮಣಿಸಿ. ಒಂದು ಕಡೆಗೆ ಸುಲಭ, ಇನ್ನೊಂದು ಕಡೆಗೆ ಗಡುಸು ಅನ್ನಿಸಿದರೆ, ಜೊತೆಗೆ ಮಣಿಸಿದಾಗ ಮೇಲ್ಮೈಯಲ್ಲಿ ಸಡಿಲ ಸುಕ್ಕುಗಳು ಎದ್ದರೆ ಅದು ಹೊಟ್ಟೆಯ ಚರ್ಮ. ಅದರಿಂದ ಕೀಲಿಯ ಗೊಂಚಲಿಗೆ ಪಟ್ಟಿ ಮಾಡಿ, ಬಿಲ್ಲೆ ಮಾಡಬೇಡಿ.

ಎರಡು ಪದರದ ಬಿಲ್ಲೆ ತಿರುಚಿದ್ದರೆ ಅಂಟಿಸುವಾಗ ಒಂದರ ಬೆನ್ನಿನ ದಿಕ್ಕು ಇನ್ನೊಂದಕ್ಕೆ ಅಡ್ಡವಾಗಿತ್ತು ಎಂದರ್ಥ. ಪ್ಲೈವುಡ್‌ನಲ್ಲಿ ಅಡ್ಡಡ್ಡ ಇಡುತ್ತಾರಲ್ಲ ಎಂದು ಕೆಲವರು ಬೇಕೆಂದೇ ಹಾಗೆ ಇಡುತ್ತಾರೆ. ಪ್ಲೈವುಡ್‌ಗೆ ಮೂರು, ಐದು, ಏಳು ಹೀಗೆ ಬೆಸ ಪದರಗಳಿರುತ್ತವೆ, ನಡುವಿನ ಪದರದ ಎರಡು ಬದಿಯೂ ಒಂದೇ ತೆರನಾಗಿರುತ್ತದೆ. ಎರಡೇ ಪದರವನ್ನು ಅಡ್ಡ ಇಟ್ಟರೆ ಒಂದು ಉದ್ದಕ್ಕೆ, ಇನ್ನೊಂದು ಅಗಲಕ್ಕೆ ಎಳೆದು ತಿರುಚದೆ ಬೇರೆ ದಾರಿಯಿಲ್ಲ. ಕತ್ತರಿಸುವ ಮೊದಲು ಇಡೀ ತುಂಡಿನ ಒಳಮೈಯಲ್ಲಿ ಬೆನ್ನಿನ ದಿಕ್ಕಿಗೆ ಪೆನ್ಸಿಲಿನಿಂದ ಗೆರೆಗಳನ್ನು ಎಳೆದುಬಿಡಿ, ಅಂಟಿಸುವಾಗ ಗೆರೆಗೆ ಗೆರೆ ಹೊಂದಿಸಿ. ಈಗಾಗಲೇ ತಿರುಚಿದ್ದನ್ನು ಭಾರದಡಿ ತಾತ್ಕಾಲಿಕವಾಗಿ ಮಲಗಿಸಬಹುದು, ಶಾಶ್ವತವಾಗಿ ಅಲ್ಲ. ಇಲ್ಲಿ ನಿಲ್ಲಿಸಿ.

ಲಕ್ಷಣ: ಪದರ ಬಿಟ್ಟುಕೊಂಡು ಅಂಚು ಬಾಯಿ ತೆರೆದಿದೆ

ಬಿಟ್ಟ ಕಡೆ ನಿಧಾನವಾಗಿ ಇನ್ನಷ್ಟು ಬಿಡಿಸಿ ಒಳಗೆ ನೋಡಿ. ಅಂಟಿನ ಪದರವೇ ಕಥೆ ಹೇಳುತ್ತದೆ.

ಎರಡು ಕಡೆಯೂ ಅಂಟು ಹೊಳೆಯುತ್ತ ಹಾಗೆಯೇ ಇದ್ದರೆ ಕೂಡಿಸುವಾಗ ತಡವಾಗಿತ್ತು. ಒಂದು ಕಡೆ ಮಾತ್ರ ಅಂಟಿದ್ದು ಇನ್ನೊಂದು ಕಡೆ ಬರಿದಾಗಿದ್ದರೆ ಆ ಕಡೆ ಎಣ್ಣೆ ಅಥವಾ ಮೇಣ ಇತ್ತು. ಅಂಟಿಸುವುದು ಮೊದಲು, ಎಣ್ಣೆ ಆಮೇಲೆ. ಅಂಟಿನ ಜೊತೆ ಚರ್ಮದ ಜುಂಗು ಕಿತ್ತುಬಂದಿದ್ದರೆ ಅಂಟಿನದೇನೂ ತಪ್ಪಿಲ್ಲ, ಸಡಿಲ ಒಳಮೈಯನ್ನು ರಂಪಿಗೆಯಿಂದ, ಎಂದರೆ ಚರ್ಮ ಹೆರೆಯುವ ಅಗಲ ಅಲಗಿನಿಂದ, ಹೆರೆಯಬೇಕಿತ್ತು. ಹೆರೆದು ಅಭ್ಯಾಸವಿಲ್ಲದಿದ್ದರೆ ಬಸ್ ನಿಲ್ದಾಣದ ಬಳಿಯ ಚಪ್ಪಲಿ ರಿಪೇರಿಯವರ ಹತ್ತಿರ ಹೋಗಿ. ಅವರು ಒಂದು ಎಳೆತದಲ್ಲಿ ಮಾಡುವುದನ್ನು ನಾವು ಬೆರಳು ಕೊಯ್ದುಕೊಂಡು ಮಾಡಬೇಕಾಗಿಲ್ಲ. ಅಲಗು ಯಾವತ್ತೂ ಹಿಡಿದ ಕೈಯಿಂದ ಹೊರಗೆ ಸಾಗಬೇಕು.

ನಾಲ್ಕನೆಯದು ನಮ್ಮ ಮಳೆಗಾಲದ ಸ್ವಂತ ರೋಗ: ಅಂಟು ಮಂಕಾಗಿ, ಹಾಲಿನಂತೆ ಬೆಳ್ಳಗಾಗಿದೆ. ಚಪ್ಪಲಿಗೆ ಹಚ್ಚುವ ಸೊಲ್ಯೂಷನ್‌ನಲ್ಲಿರುವ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದ ಇಬ್ಬನಿಯಾಗಿ ಕೂರುತ್ತದೆ. ಆ ಇಬ್ಬನಿಯ ಮೇಲೆ ಒತ್ತಿದ್ದು ಹಿಡಿಯುವುದಿಲ್ಲ. ಮಳೆ ಹೊಳವಾದ ಮಧ್ಯಾಹ್ನ ಅಂಟಿಸಿ, ಚರ್ಮವನ್ನು ಹಿಂದಿನ ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಟ್ಟಿರಿ. ತೆಳುವಾಗಿ ಎರಡೂ ಕಡೆ ಹಚ್ಚಿ, ಬೆರಳಿನ ಬೆನ್ನಿಗೆ ಅಂಟದಷ್ಟು ಆರಿದ ಮೇಲೆ, ಸಾಮಾನ್ಯವಾಗಿ 10ರಿಂದ 15 ನಿಮಿಷಕ್ಕೆ, ಕೂಡಿಸಿ ನಡುವಿನಿಂದ ಅಂಚಿನ ಕಡೆಗೆ ಸುತ್ತಿಗೆಯಿಂದ ತಟ್ಟಿ.

ಈ ಅಂಟಿನ ಆವಿ ಬೆಂಕಿಯನ್ನು ಹಿಡಿಯುತ್ತದೆ, ತಲೆಯನ್ನೂ ಹಿಡಿಯುತ್ತದೆ. ಮಳೆ ಎರಚಲು ಬರುತ್ತದೆಂದು ಕಿಟಕಿ ಮುಚ್ಚಿ ಕೂರಬೇಡಿ, ಜಗಲಿಗೆ ಬನ್ನಿ. ಹತ್ತಿರ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರಬಾರದು, ಮಕ್ಕಳೂ ಇರಬಾರದು. ತಲೆ ತಿರುಗಿದರೆ, ವಾಕರಿಕೆ ಬಂದರೆ ಕೆಲಸ ಅಲ್ಲಿಗೇ ಬಿಟ್ಟು ಹೊರಗಿನ ಗಾಳಿಗೆ ಹೋಗಿ. ಸ್ವಲ್ಪ ಹೊತ್ತಿಗೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ.

ಲಕ್ಷಣ: ಕುಗ್ಗಿ, ಕಪ್ಪಾಗಿ, ಮರದಂತೆ ಗಡುಸಾಗಿದೆ

ಬಿಲ್ಲೆಯ ಮೇಲೆ ಉಗುರು ಒತ್ತಿ. ಗುರುತು ಬೀಳದಿದ್ದರೆ, ಅಡ್ಡಳತೆ ಕಡಿಮೆಯಾಗಿ ದಪ್ಪ ಹೆಚ್ಚಾಗಿದ್ದರೆ ಚರ್ಮ ಬೆಂದಿದೆ. ತೊಗಟೆ ಹದದ ಒದ್ದೆ ಚರ್ಮದ ಎಳೆಗಳು ಸುಮಾರು 70ರಿಂದ 85 ಡಿಗ್ರಿಯಲ್ಲಿ ಮುದುರಿಕೊಳ್ಳುತ್ತವೆ. ಒಣಚರ್ಮ ಇದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. ಅಪಾಯವಿರುವುದು ಎರಡೂ ಸೇರಿದಾಗ: ತೊಯ್ದ ಬಿಲ್ಲೆಯ ಮೇಲೆ ಒಲೆಯಿಂದ ಇಳಿಸಿದ ಕಷಾಯದ ಸ್ಟೀಲ್ ಲೋಟ. ಸ್ಟೀಲ್ ಬಿಸಿಯನ್ನು ಪಿಂಗಾಣಿಗಿಂತ ಬೇಗ ಕೆಳಗಿಳಿಸುತ್ತದೆ. ಇಸ್ತ್ರಿಪೆಟ್ಟಿಗೆಯಿಂದ ಬಾಗು ತೆಗೆಯಲು ಹೋದವರದೂ ಇದೇ ಗತಿ.

ಇದಕ್ಕೆ ಚಿಕಿತ್ಸೆ ಇಲ್ಲ. ಮುದುರಿದ ಎಳೆ ಬಿಚ್ಚುವುದಿಲ್ಲ. ಎಣ್ಣೆ ಹೊಯ್ದಷ್ಟೂ ಎಣ್ಣೆ ನಷ್ಟ. ಮಾರುವಾಗ ಪೊಟ್ಟಣದೊಳಗೆ ಒಂದು ಚೀಟಿ ಇಡಿ: ಒದ್ದೆಯಿದ್ದರೆ ಬಿಸಿ ಪಾತ್ರೆ ಇಡಬೇಡಿ. ಲೋಟ ಎತ್ತಿದಾಗ ಬಿಲ್ಲೆಯೂ ಅಂಟಿಕೊಂಡು ಬಂದರೆ ಮಾತ್ರ ಗಾಬರಿ ಬೇಡ. ಮೇಣ ಕರಗಿದೆ ಅಷ್ಟೇ, ಮೇಲಿನ ಹೆಚ್ಚುವರಿ ಮೇಣವನ್ನು ಬಟ್ಟೆಯಿಂದ ಉಜ್ಜಿ ತೆಗೆಯಿರಿ.

ಲಕ್ಷಣ: ಬಾಗಿನ ಜೊತೆ ಬಿಳಿ ಪುಡಿ ಅಥವಾ ಕಪ್ಪು ಕಲೆ

ಬಿಳಿಯದೆಲ್ಲ ಬೂಷ್ಟಲ್ಲ. ಬೆರಳಿನಿಂದ ಉಜ್ಜಿ ಬೆಚ್ಚಗೆ ಮಾಡಿ. ಕರಗಿ ಮಾಯವಾದರೆ ಒಳಗಿನ ಕೊಬ್ಬು ಮೇಲೆ ಬಂದದ್ದು, ಒರೆಸಿದರಾಯಿತು. ಒದ್ದೆ ಬಟ್ಟೆಗೆ ಹೋಗಿ ಒಣಗಿದಾಗ ಮತ್ತೆ ಹರಳಾಗಿ ಕಂಡರೆ ಉಪ್ಪು. ಉಪ್ಪುಳ್ಳ ಚರ್ಮ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಅದು ಸಪಾಟಾಗಿ ನಿಲ್ಲುವುದೂ ಕಷ್ಟ. ನಾರುನಾರಾಗಿ, ಮುಗ್ಗಲು ವಾಸನೆ ಇದ್ದರೆ ಬೂಷ್ಟು. ಮೂಗಿಗೆ ಬಟ್ಟೆ ಕಟ್ಟಿ, ಮನೆಯ ಹೊರಗೆ ಬ್ರಷ್ ಮಾಡಿ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ. ಬೂಷ್ಟು ಒಳಗಿಳಿದು ಚರ್ಮ ಪುಡಿಯಾಗುತ್ತಿದ್ದರೆ ಎಸೆಯುವುದೇ ಸರಿ.

ಕಪ್ಪು ಕಲೆ ಕಬ್ಬಿಣದ್ದು. ತಾಜಾ ಇದ್ದರೆ ನೀರು ಬೆರೆಸಿದ ನಿಂಬೆರಸ ಸ್ವಲ್ಪ ಮಟ್ಟಿಗೆ ತಿಳಿಗೊಳಿಸುತ್ತದೆ, ಆದರೆ ಕಲೆಯ ಮೇಲಷ್ಟೇ ಅಲ್ಲ, ಇಡೀ ಬಿಲ್ಲೆಯನ್ನು ಒದ್ದೆ ಮಾಡಿ ಒಣಗಿಸಬೇಕು. ಆಕ್ಸಾಲಿಕ್ ಆಮ್ಲ ಕಲೆಯನ್ನು ಇನ್ನೂ ಚೆನ್ನಾಗಿ ತೆಗೆಯುತ್ತದೆ, ಅದು ವಿಷವೂ ಹೌದು. ಲೋಟದಡಿ ಇಡುವ ವಸ್ತುವಿಗೆ, ಅಡುಗೆಮನೆಯಲ್ಲಿ, ಅದು ಬೇಡ.

ಯಾವ ಲಕ್ಷಣಕ್ಕೂ ಹೊಂದದಿದ್ದರೆ: ಚರ್ಮವನ್ನೇ ಅನುಮಾನಿಸಿ

ಹೊಸ ಅಲಗಿನಿಂದ ಅಂಚಿನ ಒಂದು ಸೀಳು ತೆಗೆದು ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಒಳಗೆ ತಿಳಿಗಂದು ಅಥವಾ ಕೆನೆಗಂದು ಇದ್ದರೆ ತೊಗಟೆ ಹದ. ನೀಲಿ ಛಾಯೆಯ ಬೂದು ಗೆರೆ ಇದ್ದರೆ ಕ್ರೋಮ್ ಹದ, ಎಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಚೀಲ, ಜಾಕೆಟ್‌ಗಳಿಗೆ ಬಳಸುವ ಮೃದು ಚರ್ಮ. ಮಣಿಸಿ ಬಿಟ್ಟರೆ ತೊಗಟೆ ಹದದ್ದು ಕೊಟ್ಟ ಆಕಾರವನ್ನು ಸ್ವಲ್ಪ ಉಳಿಸಿಕೊಳ್ಳುತ್ತದೆ, ಕ್ರೋಮಿನದು ಪುಟಿದು ಮರಳುತ್ತದೆ. ಒದ್ದೆ ಮಾಡಿ ಒತ್ತಿದ ಆಕಾರ ನಿಲ್ಲದ ಚರ್ಮದಿಂದ ಸಪಾಟು ಬಿಲ್ಲೆಯನ್ನು ನಿರೀಕ್ಷಿಸುವಂತಿಲ್ಲ. ಸುಟ್ಟು ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಕ್ರೋಮ್ ಚರ್ಮದ ಹೊಗೆ, ಬೂದಿ ಎರಡೂ ಹಾನಿಕರ, ಆ ಗೋಜಿಗೆ ಹೋಗಬೇಡಿ.

ಮುಂದಿನ ಸಲ ಕೊಳ್ಳುವಾಗ 3ರಿಂದ 4 ಮಿ.ಮೀ. ದಪ್ಪದ, ತೊಗಟೆ ಹದದ, ಬೆನ್ನಿನ ಭಾಗ ಎಂದು ಕೇಳಿ. ಕೊಲ್ಹಾಪುರಿ ಚಪ್ಪಲಿ ಮಾಡುವ ಅಥಣಿ, ನಿಪ್ಪಾಣಿ ಕಡೆಯವರ ಅಟ್ಟೆಯ ಚರ್ಮ ಇದೇ ಜಾತಿಯದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದವಾದದ್ದು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಕರ್ನಾಟಕದ ಜಿಲ್ಲೆಗಳೂ ಸೇರಿವೆ. ಅಳಲೆಕಾಯಿಯಂತೂ ನಮ್ಮ ಶಿರಸಿ, ಯಲ್ಲಾಪುರದ ಕಾಡಿನದೇ ಮಾಲು. ಪರಿಚಯದ ಚಪ್ಪಲಿ ಅಂಗಡಿಯವರ ಮೂಲಕ ಒಂದು ತುಂಡು ತರಿಸಿ, ಇಡೀ ಚರ್ಮ ಕೊಳ್ಳುವ ಮೊದಲು ಒಂದೇ ಬಿಲ್ಲೆ ಮಾಡಿ, ತೋಯಿಸಿ, ನೆರಳಲ್ಲಿ ಒಣಗಿಸಿ ನೋಡಿ.

ಲಕ್ಷಣ: ಇಲ್ಲಿ ಸಪಾಟು, ಕೊಂಡವರ ಮನೆಯಲ್ಲಿ ಬಾಗಿತು

ಗೋಕರ್ಣದಲ್ಲಿ ಕೊಂಡು ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯ ಮೇಜಿಗೆ ಹೋದ ಬಿಲ್ಲೆ ವಾರದೊಳಗೆ ಅಂಚೆತ್ತಿದರೆ, ಅದು ಇಲ್ಲಿ ಒಣಗಿಯೇ ಇರಲಿಲ್ಲ. ಸಾಧಾರಣ ಒಣ ಹವೆಯಲ್ಲಿ ಚರ್ಮದ ತೂಕದ ನೂರಕ್ಕೆ 12ರಿಂದ 15ರಷ್ಟು ನೀರಿರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಅದು 20 ದಾಟುತ್ತದೆ. ಆ ಹೆಚ್ಚುವರಿ ನೀರು ಅಲ್ಲಿ ಹೊರಬರುವಾಗ, ಮೇಜಿಗೆ ಒತ್ತಿಕೊಂಡ ಮುಖದಿಂದ ಬಾರದೆ ತೆರೆದ ಮೇಲ್ಮೈಯಿಂದಲೇ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿದ್ದನ್ನು ಲೇಪ ಹಚ್ಚುವ ಮೊದಲೇ ಸಿಲಿಕಾ ಜೆಲ್ ಡಬ್ಬಿಯಲ್ಲಿ ತೂಕ ಸ್ಥಿರವಾಗುವವರೆಗೆ ಇಡಿ. ಲೇಪ ಹಚ್ಚಿದ ಮೇಲೆ ಇಟ್ಟರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಆಮೇಲೆ ನಾಲ್ಕು ಅಥವಾ ಆರು ಬಿಲ್ಲೆಗಳನ್ನು ಮುಖಕ್ಕೆ ಮುಖ ಜೋಡಿಸಿ, ಮೇಲೆ ಕೆಳಗೆ ಒಂದೊಂದು ಗಟ್ಟಿ ರಟ್ಟು ಇಟ್ಟು, ಹತ್ತಿ ದಾರದಿಂದ ಕಟ್ಟಿ ಕಳುಹಿಸಿ. ತಲುಪಿದ ಮೇಲೆ ಆ ಕಟ್ಟನ್ನು ಒಂದೆರಡು ದಿನ ಬಿಚ್ಚಬೇಡಿ ಎಂದು ಕೊಂಡವರಿಗೆ ಹೇಳಿ. ಬಾಗಿದ್ದನ್ನು ಅವರು ವಾಪಸು ಕಳುಹಿಸಿದರೆ ಬಿಚ್ಚಿದ ಕೂಡಲೇ, ಇಲ್ಲಿಯ ಗಾಳಿ ಕುಡಿಯುವ ಮೊದಲು, ತೂಗಿ.